ಲಿನಕ್ಸ್ ಕರ್ನಲ್‌ನ ಕ್ರಿಪ್ಟೊ ಎಪಿಐ: ಒಳಗೆ ಏನಾಗುತ್ತದೆ, ಬಳಸುವವರು ಎಲ್ಲಿ ಎಡವುತ್ತಾರೆ

ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸ ಆವೃತ್ತಿಯೊಂದಿಗೆ ಮಾರುಕಟ್ಟೆಗೆ ಬಂದ ಫೋನ್ ನಿಮ್ಮ ಕೈಯಲ್ಲಿದ್ದರೆ, ಅದರಲ್ಲಿರುವ ಫೋಟೊ, ಸಂದೇಶ, ಬ್ಯಾಂಕ್ ಆ್ಯಪ್‌ನ ಕಡತ ಎಲ್ಲವೂ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಕೀಲಿ ಇಲ್ಲದೆ ಓದಲಾಗದ ರೂಪದಲ್ಲೇ, ಚಿಪ್‌ನಲ್ಲಿ ಕೂತಿವೆ. ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕುವಾಗ ಡಿಸ್ಕ್ ಎನ್‌ಕ್ರಿಪ್ಷನ್ ಎಂಬಲ್ಲಿ ಟಿಕ್ ಹಾಕಿದ್ದರೆ ಅಲ್ಲೂ ಹೀಗೆಯೇ. ಈಚೆಗೆ ಈ ವಿಷಯ ಎಂಜಿನಿಯರುಗಳ ಕೋಣೆ ದಾಟಿ ಹೊರಗೆ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರ ಮಾಹಿತಿ ಇಟ್ಟುಕೊಂಡವರು ತಕ್ಕ ಭದ್ರತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಹಾಗಾಗಿ ‘ನಿಮ್ಮ ಸಾಧನದಲ್ಲಿ ಮಾಹಿತಿ ಎನ್‌ಕ್ರಿಪ್ಟ್ ಆಗಿದೆಯೇ’ ಎಂಬ ಪ್ರಶ್ನೆ ಸಣ್ಣ ಯಂತ್ರ ತಯಾರಿಸುವವರಿಗೂ, ಬೆಂಗಳೂರಿನಲ್ಲಿ ಕೂತು ಚಿಪ್‌ಗಳಿಗೆ ಡ್ರೈವರ್ ಬರೆಯುವವರಿಗೂ ಬರುತ್ತಿದೆ.

ಈ ಕೆಲಸದ ಬಹುಪಾಲು ನಡೆಯುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ. ದುಬಾರಿ ಫೋನ್‌ಗಳಲ್ಲಿ ಕಡತದೊಳಗಿನ ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡಲು ಸ್ಟೋರೇಜ್ ಹಾದಿಯಲ್ಲೇ ಪ್ರತ್ಯೇಕ ಹಾರ್ಡ್‌ವೇರ್ ಇರುತ್ತದೆ. ಅಂಥ ಫೋನ್‌ನಲ್ಲೂ ಕಡತದ ಹೆಸರುಗಳನ್ನು ಎನ್‌ಕ್ರಿಪ್ಟ್ ಮಾಡುವುದು ಕರ್ನಲ್ಲೇ. ಲಿನಕ್ಸ್‌ನಲ್ಲಿ ಇದಕ್ಕಿರುವ ವ್ಯವಸ್ಥೆಗೆ ಕ್ರಿಪ್ಟೊ ಎಪಿಐ ಎಂದು ಹೆಸರು. ಎಪಿಐ ಎಂದರೆ ಒಂದು ಕೋಡ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳಲು ಕರೆಯುವ ಫಂಕ್ಷನ್‌ಗಳ ಗುಂಪು. ಎಇಎಸ್‌ನಂಥ ಎನ್‌ಕ್ರಿಪ್ಷನ್ ವಿಧಾನಗಳ ಗಣಿತವನ್ನು ಪರಿಣತರು ಆಗಲೇ ಬರೆದು, ಪರೀಕ್ಷಿಸಿ ಇಟ್ಟಿದ್ದಾರೆ. ಅದು ಕೈಕೊಡುವುದು ಬಹಳ ಅಪರೂಪ. ತೊಂದರೆಯೆಲ್ಲ ಹುಟ್ಟುವುದು ಅದನ್ನು ಕರೆಯುವ ಕಡೆ: ಯಾವ ಮೆಮೊರಿ ಕೊಟ್ಟೆವು, ಯಾವ ಹೊತ್ತಿನಲ್ಲಿ ಕರೆದೆವು, ಹಿಂದಿರುಗಿದ ಸಂಖ್ಯೆಯನ್ನು ನೋಡಿದೆವೋ ಇಲ್ಲವೋ ಎಂಬಲ್ಲಿ. ಆದ್ದರಿಂದ ಈ ಲೇಖನ ಗಣಿತಕ್ಕೆ ಕಡಿಮೆ, ಕರೆಯುವ ಕ್ರಮಕ್ಕೆ ಹೆಚ್ಚು ಜಾಗ ಕೊಡುತ್ತದೆ. ಫಂಕ್ಷನ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಅಡಿಗೆರೆ ಇರುವಲ್ಲಿ ಮೂಲದಲ್ಲೂ ಅಡಿಗೆರೆ ಇದೆ.

ಕರ್ನಲ್‌ನೊಳಗೇ ಏಕೆ ಬೇಕು?

ಆ್ಯಪ್ ಬರೆಯುವವರು ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿ ಬಳಸುತ್ತಾರೆ. ಕರ್ನಲ್ ಅದನ್ನು ಬಳಸಲಾರದು. ಸಾಮಾನ್ಯ ಪ್ರೋಗ್ರಾಂಗಳಿಗೆ ಸಿಗುವ ಲೈಬ್ರರಿಗಳು ಕರ್ನಲ್‌ಗೆ ಸಿಗುವುದಿಲ್ಲ. 64 ಬಿಟ್ ಇಂಟೆಲ್ ಯಂತ್ರಗಳಲ್ಲಿ ಕರ್ನಲ್ ಕೋಡ್‌ಗೆ ಸಿಗುವ ಸ್ಟ್ಯಾಕ್, ಅಂದರೆ ಫಂಕ್ಷನ್‌ಗಳು ತಾತ್ಕಾಲಿಕ ಮಾಹಿತಿ ಇಡುವ ಜಾಗ, ಬರೀ 16 ಕಿಲೋಬೈಟ್. ಡಿಸ್ಕ್‌ಗೆ ಹೋಗುವ ಪ್ರತಿ ಬ್ಲಾಕ್, ನೆಟ್‌ವರ್ಕ್‌ಗೆ ಹೋಗುವ ಪ್ರತಿ ಪ್ಯಾಕೆಟ್ ಕರ್ನಲ್ ಮೂಲಕವೇ ಹಾಯುತ್ತದೆ. ಒಂದೊಂದನ್ನೂ ಹೊರಗಿನ ಪ್ರೋಗ್ರಾಂಗೆ ಕಳಿಸಿ ವಾಪಸ್ ತರಿಸಿಕೊಂಡರೆ ವೇಗ ನೆಲಕಚ್ಚುತ್ತದೆ.

ಅಮೆರಿಕದ ರಫ್ತು ನಿಯಮಗಳ ಅಂಜಿಕೆಯಿಂದ ಹಲವು ವರ್ಷ ಈ ಕೋಡ್ ಮುಖ್ಯ ಕರ್ನಲ್‌ನ ಹೊರಗೆ, ಪ್ರತ್ಯೇಕ ಪ್ಯಾಚ್ ಆಗಿಯೇ ಉಳಿದಿತ್ತು. 2000ದಲ್ಲಿ ಆ ನಿಯಮಗಳು ಸಡಿಲಗೊಂಡವು. 2001ರ ನವೆಂಬರ್‌ನಲ್ಲಿ ಎಇಎಸ್ ಮಾನದಂಡವಾಗಿ ಪ್ರಕಟವಾಯಿತು. 2002ರ ಅಕ್ಟೋಬರ್ ಕೊನೆಯಲ್ಲಿ ಬಂದ 2.5.45 ಆವೃತ್ತಿಯೊಂದಿಗೆ ಕ್ರಿಪ್ಟೊ ಎಪಿಐ ಮುಖ್ಯ ಕರ್ನಲ್‌ಗೆ ಸೇರಿತು. ಮೊದಲಿಗೆ ಬೇಕಾಗಿದ್ದುದು ನೆಟ್‌ವರ್ಕ್ ಭದ್ರತೆಯ ಐಪಿಸೆಕ್‌ಗೆ. ಇಂದು ಡಿಸ್ಕ್‌ಗೆ ಡಿಎಂ-ಕ್ರಿಪ್ಟ್, ಕಡತಗಳಿಗೆ ಎಫ್‌ಎಸ್‌ಕ್ರಿಪ್ಟ್ ಮುಂತಾದವೂ ಇದನ್ನೇ ನೆಚ್ಚಿಕೊಂಡಿವೆ.

ಮೊದಲು ಕೆಲವು ಪದ

ಎಇಎಸ್ ಒಂದು ಬ್ಲಾಕ್ ಸೈಫರ್. ಒಂದು ಸಲಕ್ಕೆ 16 ಬೈಟ್ ತೆಗೆದುಕೊಂಡು, ಕೀಲಿಯ ನೆರವಿನಿಂದ ಕಲಸಿ, 16 ಬೈಟ್ ಹಿಂದಿರುಗಿಸುತ್ತದೆ. ಕೀಲಿ 16, 24 ಅಥವಾ 32 ಬೈಟ್ ಇರಬಹುದು. 16 ಬೈಟ್‌ಗಿಂತ ದೊಡ್ಡ ಮಾಹಿತಿಗೆ ಅದನ್ನು ಮತ್ತೆ ಮತ್ತೆ ಅನ್ವಯಿಸಬೇಕು. ಹೇಗೆ ಅನ್ವಯಿಸುವುದು ಎಂಬ ಕ್ರಮವೇ ಮೋಡ್. ಸಿಬಿಸಿ, ಸಿಟಿಆರ್, ಎಕ್ಸ್‌ಟಿಎಸ್, ಜಿಸಿಎಂ ಇವೆಲ್ಲ ಮೋಡ್‌ಗಳು. ಇಸಿಬಿ ಎಂಬ ಮೋಡ್ ಒಂದೇ ಥರದ 16 ಬೈಟ್‌ಗೆ ಒಂದೇ ಥರದ ಉತ್ತರ ಕೊಡುತ್ತದೆ. ಮೂಲದ ಆಕಾರ ಹಾಗೆಯೇ ಕಾಣುವುದರಿಂದ ಮಾಹಿತಿ ಬಚ್ಚಿಡಲು ಅದನ್ನು ಬಳಸಬಾರದು.

ಈ ಸಮಸ್ಯೆ ತಪ್ಪಿಸಲು ಕೀಲಿಯ ಜೊತೆಗೆ ಇನ್ನೊಂದು ಸಣ್ಣ ಮೌಲ್ಯ ಕೊಡುತ್ತೇವೆ. ಅದು ಐವಿ. ಐವಿ ಗುಟ್ಟಾಗಿರಬೇಕಿಲ್ಲ. ಆದರೆ ಸಿಬಿಸಿಯಲ್ಲಿ ಯಾರಿಗೂ ಊಹಿಸಲು ಆಗದಂತಿರಬೇಕು, ಸಿಟಿಆರ್ ಮತ್ತು ಜಿಸಿಎಂನಲ್ಲಿ ಒಂದೇ ಕೀಲಿಯಡಿ ಎಂದೂ ಮರುಕಳಿಸಬಾರದು.

ಎನ್‌ಕ್ರಿಪ್ಟ್ ಮಾಡಿದ ಮಾತ್ರಕ್ಕೆ ಮಾಹಿತಿಯನ್ನು ಯಾರೂ ತಿದ್ದಿಲ್ಲ ಎಂಬ ಖಾತ್ರಿ ಸಿಗುವುದಿಲ್ಲ. ಅದಕ್ಕಾಗಿ ಜಿಸಿಎಂನಂಥವು ಕೊನೆಯಲ್ಲಿ ಸಾಮಾನ್ಯವಾಗಿ 16 ಬೈಟ್‌ನ ಟ್ಯಾಗ್ ಸೇರಿಸುತ್ತವೆ. ಬಿಡಿಸುವಾಗ ಟ್ಯಾಗ್ ತಾಳೆಯಾಗದಿದ್ದರೆ ಮಾಹಿತಿಯನ್ನು ಎಸೆಯಬೇಕು. ಗುಟ್ಟು ಮತ್ತು ಖಾತ್ರಿ ಎರಡನ್ನೂ ಒಟ್ಟಿಗೆ ಕೊಡುವ ಇಂಥವನ್ನು ಕರ್ನಲ್‌ನಲ್ಲಿ ಎಇಎಡಿ ಎನ್ನುತ್ತಾರೆ. ಬರೀ ಗುಟ್ಟು ಕೊಡುವವು ಎಸ್‌ಕೆಸೈಫರ್. ಎಷ್ಟೇ ದೊಡ್ಡ ಮಾಹಿತಿಯಿಂದಲೂ ನಿಗದಿತ ಉದ್ದದ ಗುರುತು ತೆಗೆಯುವ ಹ್ಯಾಶ್‌ಗಳಿಗೆ ಎಸ್‌ಹ್ಯಾಶ್ ಮತ್ತು ಎಹ್ಯಾಶ್ ಎಂಬ ಎರಡು ಬಗೆ ಇವೆ.

ಹೆಸರು ಹೇಳುವುದು ನಾವು, ಆರಿಸುವುದು ಕರ್ನಲ್

ಕರ್ನಲ್‌ಗೆ ನಮಗೆ ಬೇಕಾದ್ದನ್ನು ಹೇಳುವುದು ಒಂದು ಹೆಸರಿನ ಮೂಲಕ: ‘ಎಕ್ಸ್‌ಟಿಎಸ್(ಎಇಎಸ್)’, ‘ಜಿಸಿಎಂ(ಎಇಎಸ್)’, ‘ಎಚ್‌ಮ್ಯಾಕ್(ಎಸ್‌ಎಚ್‌ಎ256)’. ಆವರಣದ ಹೊರಗಿರುವುದು ಟೆಂಪ್ಲೇಟ್, ಒಳಗಿರುವುದು ಮೂಲ ಸೈಫರ್ ಅಥವಾ ಹ್ಯಾಶ್. ಎಚ್‌ಮ್ಯಾಕ್ ಎಂದರೆ ಕೀಲಿ ಸೇರಿಸಿ ತೆಗೆದ ಹ್ಯಾಶ್. ಒಂದರೊಳಗೊಂದು ಪೋಣಿಸಬಹುದು. ಕಡತದ ಹೆಸರುಗಳಿಗೆ ಎಫ್‌ಎಸ್‌ಕ್ರಿಪ್ಟ್ ಬಳಸುವ ‘ಸಿಟಿಎಸ್(ಸಿಬಿಸಿ(ಎಇಎಸ್))’ ಅಂಥದ್ದೊಂದು.

ಒಂದೇ ಹೆಸರಿಗೆ ಕರ್ನಲ್‌ನಲ್ಲಿ ಹಲವು ಅನುಷ್ಠಾನಗಳಿರುತ್ತವೆ: ಸಿ ಭಾಷೆಯಲ್ಲಿ ಬರೆದ ಸಾಮಾನ್ಯ ರೂಪ, ಪ್ರೊಸೆಸರ್‌ನ ಎಇಎಸ್ ಸೂಚನೆಗಳನ್ನು ಬಳಸುವ ರೂಪ, ಚಿಪ್‌ನಲ್ಲಿ ಬೇರೆಯೇ ಕ್ರಿಪ್ಟೊ ಎಂಜಿನ್ ಇದ್ದರೆ ಅದರ ಡ್ರೈವರ್. ಪ್ರತಿಯೊಂದಕ್ಕೂ ಒಂದು ಆದ್ಯತೆಯ ಸಂಖ್ಯೆ ಉಂಟು, ದೊಡ್ಡ ಸಂಖ್ಯೆಯದ್ದು ಗೆಲ್ಲುತ್ತದೆ. ನಿಮ್ಮ ಯಂತ್ರದಲ್ಲೇ ನೋಡಬೇಕೆಂದರೆ ಟರ್ಮಿನಲ್‌ನಲ್ಲಿ ‘/ಪ್ರಾಕ್/ಕ್ರಿಪ್ಟೊ’ ಕಡತ ತೆರೆಯಿರಿ. ಎಕ್ಸ್‌ಟಿಎಸ್(ಎಇಎಸ್) ಹೆಸರಿನ ಕೆಳಗೆ ಹಲವು ಇಂಟೆಲ್ ಯಂತ್ರಗಳಲ್ಲಿ ‘ಎಕ್ಸ್‌ಟಿಎಸ್-ಎಇಎಸ್-ಎಇಎಸ್‌ಎನ್‌ಐ’ ಎಂಬ ಡ್ರೈವರ್, ಆದ್ಯತೆ 401, ಕನಿಷ್ಠ ಕೀಲಿ 32, ಗರಿಷ್ಠ ಕೀಲಿ 64, ಐವಿ 16 ಎಂದು ಕಾಣುತ್ತದೆ. ಸಿ ಭಾಷೆಯ ಸಾಮಾನ್ಯ ರೂಪಗಳ ಆದ್ಯತೆ 100ರ ಆಸುಪಾಸು. ‘ಸೆಲ್ಫ್‌ಟೆಸ್ಟ್’ ಎಂಬ ಸಾಲನ್ನೂ ಗಮನಿಸಿ. ಅನುಷ್ಠಾನವೊಂದು ನೋಂದಣಿಯಾಗುವಾಗ, ಸ್ವಪರೀಕ್ಷೆ ಚಾಲೂ ಇರುವ ಕರ್ನಲ್ ಉತ್ತರ ಗೊತ್ತಿರುವ ಲೆಕ್ಕಗಳನ್ನು ಅದರಿಂದ ಮಾಡಿಸಿ, ಸರಿಬಂದರೆ ಮಾತ್ರ ಬಳಕೆಗೆ ಬಿಡುತ್ತದೆ.

ಹೆಸರಿನ ಬದಲು ಡ್ರೈವರ್‌ನ ಹೆಸರನ್ನೇ ಕೊಟ್ಟು ಇಂಥದ್ದೇ ಬೇಕು ಎಂದು ಹಟ ಹಿಡಿಯಲೂ ಬಹುದು. ಪರೀಕ್ಷೆಗೆ ಅದು ಅನುಕೂಲ. ನಿಜ ಬಳಕೆಯ ಕೋಡ್‌ನಲ್ಲಿ ಹಾಗೆ ಬರೆದರೆ ಬೇರೆ ಪ್ರೊಸೆಸರ್ ಮೇಲೆ ನಮ್ಮ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಆಮೇಲೆ ಸೇರಿಸುವ ಕೋಡ್ ತುಂಡು, ಏಳುವುದೇ ಇಲ್ಲ.

ಟ್ರಾನ್ಸ್‌ಫಾರ್ಮ್ ಮತ್ತು ರಿಕ್ವೆಸ್ಟ್

ಇಡೀ ಎಪಿಐ ನಿಂತಿರುವುದು ಈ ಎರಡರ ಮೇಲೆ. ಹಿಟ್ಟಿನ ಗಿರಣಿಯನ್ನು ನೆನೆಸಿಕೊಂಡರೆ ಇದು ಬೇಗ ತಿಳಿಯುತ್ತದೆ. ಗಿರಣಿಯವರು ರಾಗಿಗೆಂದು ಒಮ್ಮೆ ಕಲ್ಲು ಹೊಂದಿಸಿದರೆ ಮುಂದೆ ಎಷ್ಟು ಡಬ್ಬ ಬಂದರೂ ಅದೇ ಹೊಂದಿಕೆ. ಟ್ರಾನ್ಸ್‌ಫಾರ್ಮ್ ಎಂದರೆ ಆ ಹೊಂದಿಸಿದ ಗಿರಣಿ: ಇಂಥ ಸೈಫರ್, ಇಂಥ ಕೀಲಿ. ಕೋಡ್‌ನಲ್ಲಿ ಇದನ್ನು ಟಿಎಫ್‌ಎಂ ಎಂದು ಬರೆಯುತ್ತಾರೆ. ರಿಕ್ವೆಸ್ಟ್ ಎಂದರೆ ಒಬ್ಬರು ತಂದಿಟ್ಟ ಒಂದು ಡಬ್ಬ: ಈ ಮಾಹಿತಿ, ಇಷ್ಟು ಉದ್ದ, ಈ ಐವಿ. ಹತ್ತು ಜನ ಹತ್ತು ಡಬ್ಬ ಇಡಬಹುದು, ಅಂದರೆ ಹಲವು ಪ್ರೊಸೆಸರ್ ಕೋರ್‌ಗಳು ಒಂದೇ ಟಿಎಫ್‌ಎಂ ಅನ್ನು ಏಕಕಾಲಕ್ಕೆ ಬಳಸಬಹುದು, ಪ್ರತಿಯೊಬ್ಬರ ರಿಕ್ವೆಸ್ಟ್ ಬೇರೆ ಇದ್ದರೆ ಸಾಕು. ಒಬ್ಬರ ಕಾಳು ಬೀಸುತ್ತಿರುವಾಗ ಕಲ್ಲು ಬದಲಿಸಬಾರದು. ಹಾಗೆಯೇ ಕೆಲಸ ನಡೆಯುತ್ತಿರುವ ಟಿಎಫ್‌ಎಂ ಮೇಲೆ ಹೊಸ ಕೀಲಿ ಹಾಕಬಾರದು. ‘ಇಟ್ಟು ಹೋಗಿ, ಆಮೇಲೆ ಬನ್ನಿ’ ಎಂದಾಗ ಡಬ್ಬವನ್ನು ನಡುವೆ ಎಳೆದುಕೊಂಡರೆ ಹಿಟ್ಟೆಲ್ಲ ನೆಲದ ಪಾಲು. ಕರ್ನಲ್‌ನಲ್ಲಿ ಈ ಕೊನೆಯ ತಪ್ಪೇ ಅತಿ ಹೆಚ್ಚು ಅಪಾಯದ್ದು, ಮುಂದೆ ಅದನ್ನು ವಿವರವಾಗಿ ನೋಡೋಣ.

ಒಂದು ಬ್ಲಾಕ್, ಮೊದಲಿಂದ ಕೊನೆಯವರೆಗೆ

4096 ಬೈಟ್‌ನ ಒಂದು ಡಿಸ್ಕ್ ಬ್ಲಾಕ್ ಅನ್ನು ಎಇಎಸ್-256-ಎಕ್ಸ್‌ಟಿಎಸ್‌ನಿಂದ ಎನ್‌ಕ್ರಿಪ್ಟ್ ಮಾಡಬೇಕು ಎಂದಿಟ್ಟುಕೊಳ್ಳಿ.

ಮೊದಲ ಕರೆ ‘ಕ್ರಿಪ್ಟೊ_ಅಲಾಕ್_ಎಸ್‌ಕೆಸೈಫರ್’. ಅದಕ್ಕೆ ‘ಎಕ್ಸ್‌ಟಿಎಸ್(ಎಇಎಸ್)’ ಎಂಬ ಹೆಸರು, ಮುಂದೆ ಎರಡು ಸೊನ್ನೆ. ಇದು ಸೋತಾಗ ನಲ್ ಕೊಡುವುದಿಲ್ಲ, ತಪ್ಪಿನ ಸಂಖ್ಯೆಯನ್ನು ಅಡಗಿಸಿಕೊಂಡ ಒಂದು ಪಾಯಿಂಟರ್ ಕೊಡುತ್ತದೆ. ನಲ್ ಹೌದೋ ಅಲ್ಲವೋ ಎಂದಷ್ಟೇ ನೋಡಿದರೆ ಪರೀಕ್ಷೆ ಪಾಸಾಗಿ, ಮುಂದಿನ ಸಾಲಿನಲ್ಲೇ ಕರ್ನಲ್ ಉರುಳುತ್ತದೆ. ನೋಡಬೇಕಾದ್ದು ‘ಈಸ್_ಎರ್’ ಮೂಲಕ. ಒಳಗೆ −2 ಸಿಕ್ಕರೆ ಆ ಹೆಸರಿನ ಸೈಫರ್ ಈ ಕರ್ನಲ್‌ನಲ್ಲಿ ಇಲ್ಲವೆಂದು ಅರ್ಥ. ಕಾಗುಣಿತ ತಪ್ಪಿರಬಹುದು, ಅಥವಾ ಕರ್ನಲ್ ಕಟ್ಟುವಾಗ ಎಕ್ಸ್‌ಟಿಎಸ್ ಆಯ್ಕೆ ಬಿಟ್ಟುಹೋಗಿರಬಹುದು.

ಎರಡನೆಯದು ‘ಕ್ರಿಪ್ಟೊ_ಎಸ್‌ಕೆಸೈಫರ್_ಸೆಟ್‌ಕೀ’. ಇಲ್ಲಿ ಬಲ್ಲವರೂ ಎಡವುತ್ತಾರೆ. ಎಕ್ಸ್‌ಟಿಎಸ್‌ಗೆ ಎರಡು ಕೀಲಿ ಬೇಕು, ಎರಡನ್ನೂ ಒಂದರ ಬೆನ್ನಿಗೊಂದು ಜೋಡಿಸಿ ಕೊಡುತ್ತೇವೆ. ಆದ್ದರಿಂದ ಎಇಎಸ್-256ಕ್ಕೆ 64 ಬೈಟ್. 256 ಬಿಟ್ ಎಂದರೆ 32 ಬೈಟ್ ಅಲ್ಲವೇ ಎಂದುಕೊಂಡು 32 ಕೊಟ್ಟರೆ ಕರ್ನಲ್ ಯಾವ ತಪ್ಪನ್ನೂ ಹೇಳುವುದಿಲ್ಲ. ಸದ್ದಿಲ್ಲದೆ ಎಇಎಸ್-128-ಎಕ್ಸ್‌ಟಿಎಸ್ ಆಗಿ ಕೆಲಸ ಮಾಡುತ್ತದೆ. ಕಾಗದದ ಮೇಲೆ 256, ಡಿಸ್ಕ್ ಮೇಲೆ 128.

ಮೂರನೆಯದಾಗಿ ‘ಎಸ್‌ಕೆಸೈಫರ್_ರಿಕ್ವೆಸ್ಟ್_ಅಲಾಕ್’ ಮೂಲಕ ರಿಕ್ವೆಸ್ಟ್ ಪಡೆಯುತ್ತೇವೆ. ಇದು ಸೋತರೆ ಮಾತ್ರ ನಲ್. ಮಾಹಿತಿ ಎಲ್ಲಿದೆ ಎಂದು ತಿಳಿಸಲು ‘ಎಸ್‌ಜಿ_ಇನಿಟ್_ಒನ್’ ಬಳಸಿ ಸ್ಕ್ಯಾಟರ್‌ಲಿಸ್ಟ್ ತಯಾರಿಸುತ್ತೇವೆ. ಮಾಹಿತಿ ಮೆಮೊರಿಯ ಹಲವು ಪುಟಗಳಲ್ಲಿ ಹರಡಿರಬಹುದು, ಯಾವ ಪುಟದಲ್ಲಿ ಎಲ್ಲಿಂದ ಎಷ್ಟು ಎಂಬ ಪಟ್ಟಿಯೇ ಸ್ಕ್ಯಾಟರ್‌ಲಿಸ್ಟ್. ಹಾರ್ಡ್‌ವೇರ್ ಎಂಜಿನ್‌ಗೆ ಬೇಕಾದ್ದೂ ಇಂಥ ಪಟ್ಟಿಯೇ. ಮೂಲ ಮತ್ತು ಫಲಿತಾಂಶ ಎರಡಕ್ಕೂ ಒಂದೇ ಪಟ್ಟಿ ಕೊಡಬಹುದು, ಆಗ ಅದೇ ಜಾಗದಲ್ಲಿ ಬದಲಾವಣೆ ಆಗುತ್ತದೆ. ಅರ್ಧಂಬರ್ಧ ಒಂದರ ಮೇಲೊಂದು ಬೀಳುವ ಎರಡು ಪಟ್ಟಿ ಮಾತ್ರ ಕೊಡಬಾರದು.

ಐವಿ 16 ಬೈಟ್. ಡಿಸ್ಕ್ ಎನ್‌ಕ್ರಿಪ್ಷನ್‌ನಲ್ಲಿ ಅದು ಸಾಮಾನ್ಯವಾಗಿ ಸೆಕ್ಟರ್ ಸಂಖ್ಯೆ. ಡಿಎಂ-ಕ್ರಿಪ್ಟ್‌ನಲ್ಲಿ ‘ಪ್ಲೇನ್64’ ಎಂದು ಕಾಣುವುದು ಇದೇ: 64 ಬಿಟ್‌ನ ಸೆಕ್ಟರ್ ಸಂಖ್ಯೆ, ಉಳಿದದ್ದು ಸೊನ್ನೆ.

ಇಷ್ಟಾದ ಮೇಲೆ ರಿಕ್ವೆಸ್ಟ್‌ನಲ್ಲಿ ಕಾಲ್‌ಬ್ಯಾಕ್ (ಕೆಲಸ ಮುಗಿದಾಗ ಕರ್ನಲ್ ಕರೆಯಬೇಕಾದ ನಮ್ಮ ಫಂಕ್ಷನ್), ಪಟ್ಟಿಗಳು, ಉದ್ದ 4096, ಐವಿ ತುಂಬಿ, ‘ಕ್ರಿಪ್ಟೊ_ಎಸ್‌ಕೆಸೈಫರ್_ಎನ್‌ಕ್ರಿಪ್ಟ್’ ಕರೆಯುತ್ತೇವೆ.

ಹಿಂದಿರುಗಿದ ಸಂಖ್ಯೆ ಸೊನ್ನೆ ಅಲ್ಲದಿದ್ದರೆ

ಸೊನ್ನೆ ಬಂದರೆ ಕೆಲಸ ಮುಗಿದಿದೆ. −22 ಬಂದರೆ ಉದ್ದ ಅಥವಾ ಕೀಲಿಯ ಅಳತೆ ತಪ್ಪು. ಸಿಬಿಸಿಯಲ್ಲಿ ಉದ್ದ 16ರ ಗುಣಕವಾಗಿರಲೇಬೇಕು, ಕೊನೆಗೆ ಭರ್ತಿ ಸೇರಿಸುವ ಹೊಣೆ ನಮ್ಮದೇ, ಕರ್ನಲ್ ಸೇರಿಸುವುದಿಲ್ಲ. −126 ಬಂದರೆ ಕೀಲಿ ಹಾಕುವುದು ಮರೆತಿದ್ದೇವೆ.

ಎಚ್ಚರ ಬೇಕಾಗಿರುವುದು −115ಕ್ಕೆ. ಕೋಡ್‌ನಲ್ಲಿ ಇದರ ಹೆಸರು ಇಇನ್‌ಪ್ರೋಗ್ರೆಸ್. ಇದು ಸೋಲಲ್ಲ, ಕೆಲಸ ಹಾರ್ಡ್‌ವೇರ್‌ನಲ್ಲಿ ನಡೆಯುತ್ತಿದೆ, ಮುಗಿದಾಗ ಕಾಲ್‌ಬ್ಯಾಕ್ ಬರುತ್ತದೆ ಎಂಬ ಸೂಚನೆ. ಇದನ್ನು ಸೋಲೆಂದು ತಿಳಿದು ‘ತಪ್ಪಾಯಿತು, ಎಲ್ಲ ಬಿಡುಗಡೆ ಮಾಡು’ ಎಂಬ ಹಾದಿಗೆ ಹೋದರೆ, ರಿಕ್ವೆಸ್ಟ್ ಮತ್ತು ಬಫರ್ (ಮಾಹಿತಿ ಇಟ್ಟಿದ್ದ ಜಾಗ) ಮೆಮೊರಿಗೆ ವಾಪಸ್ ಹೋಗುತ್ತವೆ. ಅದೇ ಜಾಗ ಬೇರೆ ಯಾರಿಗೋ ಸಿಗುತ್ತದೆ. ಅತ್ತ ಎಂಜಿನ್ ಇನ್ನೂ ಅಲ್ಲಿಗೆ ಬರೆಯುತ್ತಲೇ ಇರುತ್ತದೆ. ಕೆಡುವುದು ಸಂಬಂಧವೇ ಇಲ್ಲದ ಇನ್ನೊಂದು ಭಾಗ, ಅದೂ ಕೆಲ ಹೊತ್ತಿನ ಬಳಿಕ. ಲ್ಯಾಪ್‌ಟಾಪ್‌ನಲ್ಲಿ ಬರೆದು ಪರೀಕ್ಷಿಸಿದವರಿಗೆ ಈ ದೋಷ ಕಾಣದೇ ಉಳಿಯಲು ಕಾರಣ ಸರಳ: ಅಲ್ಲಿ ಪ್ರೊಸೆಸರ್‌ನ ಎಇಎಸ್ ಸೂಚನೆಗಳೇ ಕೆಲಸ ಮುಗಿಸಿ ಸೊನ್ನೆ ಕೊಡುತ್ತವೆ. ಅದೇ ಮಾಡ್ಯೂಲ್ ಕ್ರಿಪ್ಟೊ ಎಂಜಿನ್ ಇರುವ ಬೋರ್ಡ್‌ಗೆ ಹೋದ ದಿನ ಬಯಲಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಎಂಜಿನ್‌ನ ಸಾಲು ತುಂಬಿದ್ದು, ನಾವು ‘ಮೇ_ಬ್ಯಾಕ್‌ಲಾಗ್’ ಎಂಬ ಗುರುತು ಹಾಕಿದ್ದರೆ −16, ಅಂದರೆ ಇಬ್ಯುಸಿ, ಬರುತ್ತದೆ. ರಿಕ್ವೆಸ್ಟ್ ಬಿದ್ದುಹೋಗಿಲ್ಲ, ಸಾಲಿನ ಹಿಂದೆ ಕಾದಿದೆ. ಆಗ ಕಾಲ್‌ಬ್ಯಾಕ್ ಎರಡು ಸಲ ಬರುತ್ತದೆ: ಸಾಲಿಗೆ ಸೇರಿದಾಗ −115ರೊಂದಿಗೆ, ಮುಗಿದಾಗ ನಿಜವಾದ ಫಲಿತಾಂಶದೊಂದಿಗೆ. ಕಾಲ್‌ಬ್ಯಾಕ್ ಅನ್ನು ಸ್ವಂತವಾಗಿ ಬರೆದವರು ಮೊದಲನೆಯದನ್ನೇ ಮುಕ್ತಾಯವೆಂದು ತಿಳಿಯುತ್ತಾರೆ. ಕಾಯುವುದಕ್ಕೆ ಅಡ್ಡಿಯಿಲ್ಲದ ಕಡೆ ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ‘ಕ್ರಿಪ್ಟೊ_ರೆಕ್_ಡನ್’ ಅನ್ನು ಕಾಲ್‌ಬ್ಯಾಕ್ ಮಾಡಿ, ಕರೆಯನ್ನು ‘ಕ್ರಿಪ್ಟೊ_ವೇಟ್_ರೆಕ್’ನೊಳಗೆ ಇಟ್ಟರೆ −115, −16 ಎರಡನ್ನೂ ಅದೇ ನಿಭಾಯಿಸಿ ಅಂತಿಮ ಉತ್ತರ ಕೊಡುತ್ತದೆ. ಹೊಸಬರು ಇದರಿಂದಲೇ ಶುರುಮಾಡುವುದು ಕ್ಷೇಮ. ಹಾರ್ಡ್‌ವೇರ್ ಬೇಡವೇ ಬೇಡ ಎಂದಾದರೆ ‘ಕ್ರಿಪ್ಟೊ_ಅಲಾಕ್_ಸಿಂಕ್_ಎಸ್‌ಕೆಸೈಫರ್’ ಕೇಳಿದರೆ ತಕ್ಷಣ ಮುಗಿಸುವ ಅನುಷ್ಠಾನವೇ ಸಿಗುತ್ತದೆ.

ಸ್ಟ್ಯಾಕ್ ಮೇಲಿನ ಬಫರ್ ಏಕೆ ಕೂಡದು?

ಫಂಕ್ಷನ್‌ನೊಳಗೆ 64 ಬೈಟ್‌ನ ಒಂದು ಅರೇ ಘೋಷಿಸಿ, ಅದನ್ನೇ ಎಸ್‌ಜಿ_ಇನಿಟ್_ಒನ್‌ಗೆ ಕೊಡುವುದು ಸಹಜವಾಗಿ ತೋಚುವ ದಾರಿ. ಹಳೆಯ ಕರ್ನಲ್‌ಗಳಲ್ಲಿ ಅದು ನಡೆಯುತ್ತಿತ್ತು. 2016ರ ಕೊನೆಗೆ ಬಂದ 4.9 ಆವೃತ್ತಿಯಿಂದ ಇಂಟೆಲ್ ಬಗೆಯ ಯಂತ್ರಗಳಲ್ಲಿ ಕರ್ನಲ್ ಸ್ಟ್ಯಾಕ್ ಅನ್ನು ವಿಎಂ‌ಅಲಾಕ್ ಎಂಬ ಬೇರೆ ವಿಳಾಸ ಪ್ರದೇಶದಲ್ಲಿ ಇಡುವ ಸೌಲಭ್ಯ ಬಂತು. ಸ್ಟ್ಯಾಕ್ ತುಂಬಿ ಹರಿದರೆ ಕೂಡಲೇ ಪತ್ತೆಯಾಗಲಿ ಎಂಬುದು ಉದ್ದೇಶ. ಆ ಪ್ರದೇಶದ ವಿಳಾಸದಿಂದ ಭೌತಿಕ ಪುಟವನ್ನು ಸರಳ ಲೆಕ್ಕದಲ್ಲಿ ಕಂಡುಹಿಡಿಯಲು ಬರುವುದಿಲ್ಲ. ಎಸ್‌ಜಿ_ಇನಿಟ್_ಒನ್ ಮಾಡುವುದು ಆ ಸರಳ ಲೆಕ್ಕವನ್ನೇ. ಫಲವಾಗಿ ಯಾವುದೋ ಸಂಬಂಧವಿಲ್ಲದ ಪುಟದ ಗುರುತು ಸಿಕ್ಕಿ, ಕರ್ನಲ್ ಬೀಳುತ್ತದೆ ಅಥವಾ ತಪ್ಪು ಮಾಹಿತಿ ಎನ್‌ಕ್ರಿಪ್ಟ್ ಆಗುತ್ತದೆ.

ಮಾಡ್ಯೂಲ್‌ನ ಜಾಗತಿಕ ಅರೇ ಮತ್ತು ಸ್ಥಿರ ಅಕ್ಷರಮಾಲೆಗಳಿಗೂ ಇದೇ ಗತಿ. ಮಾಡ್ಯೂಲ್ ಲೋಡ್ ಆಗುವುದೂ ಅಂಥದ್ದೇ ಪ್ರದೇಶಕ್ಕೆ. ಇದು ಅನೇಕರಿಗೆ ತಿಳಿದಿರುವುದಿಲ್ಲ, ಏಕೆಂದರೆ ಅದೇ ಕೋಡ್ ಕರ್ನಲ್‌ನೊಳಗೇ ಕಟ್ಟಿದಾಗ ಸರಿಯಾಗಿ ನಡೆಯಬಹುದು. ಪರಿಹಾರ ಒಂದೇ: ಸ್ಕ್ಯಾಟರ್‌ಲಿಸ್ಟ್‌ಗೆ ಕೊಡುವ ಮಾಹಿತಿ ‘ಕೆಮ್ಯಾಲಾಕ್’ನಿಂದ ಪಡೆದ ಮೆಮೊರಿಯಲ್ಲಿರಲಿ.

ಮೊದಲ 16 ಬೈಟ್ ಮಾತ್ರ ಕಸವಾಗಿ ಬಂದರೆ

ಸಿಬಿಸಿಯಲ್ಲಿ ಎನ್‌ಕ್ರಿಪ್ಟ್ ಮಾಡಿ, ಸರಿಯಾಯಿತೇ ಎಂದು ಅಲ್ಲೇ ಬಿಡಿಸಿ ನೋಡಿದಾಗ ಮೊದಲ 16 ಬೈಟ್ ಅರ್ಥವಿಲ್ಲದ್ದಾಗಿ, 17ನೆಯದರಿಂದ ಎಲ್ಲವೂ ಸರಿಯಾಗಿ ಬರುವುದುಂಟು. ಕೀಲಿ ತಪ್ಪಿದ್ದರೆ ಎಲ್ಲವೂ ಕೆಡಬೇಕಿತ್ತು. ಹೀಗೆ ತಲೆಯಷ್ಟೇ ಕೆಟ್ಟಿದ್ದರೆ ಅದು ಐವಿ ಬದಲಾಗಿದೆ ಎಂಬುದರ ಖಚಿತ ಗುರುತು.

ಬದಲಿಸಿದವರು ಯಾರು? ಎಪಿಐಯೇ. ಎನ್‌ಕ್ರಿಪ್ಟ್ ಮುಗಿದ ಮೇಲೆ ನಾವು ಕೊಟ್ಟ ಐವಿ ಬಫರ್‌ನಲ್ಲೇ ಕೊನೆಯ ಗೂಢ ಬ್ಲಾಕ್ ಅನ್ನು ಬರೆದಿಡುತ್ತದೆ, ದೊಡ್ಡ ಮಾಹಿತಿಯನ್ನು ತುಂಡು ತುಂಡಾಗಿ ಕೊಡುವವರಿಗೆ ಮುಂದಿನ ತುಂಡಿಗೆ ಅದು ಬೇಕಾಗುತ್ತದೆಂದು. ನಾವು ಅದೇ ಬಫರ್ ಇಟ್ಟುಕೊಂಡು ಬಿಡಿಸಲು ಹೋದರೆ ಹೊಸ ಮೌಲ್ಯ ಬಳಕೆಯಾಗುತ್ತದೆ. ಸಿಬಿಸಿ ಬಿಡಿಸುವಾಗ ಐವಿ ತಟ್ಟುವುದು ಮೊದಲ ಬ್ಲಾಕ್‌ಗೆ ಮಾತ್ರ, ಹಾಗಾಗಿ 16 ಬೈಟ್‌ಗಷ್ಟೇ ಏಟು. ಸಿಟಿಆರ್ ಮೋಡ್‌ನಲ್ಲಿ ಇದೇ ತಪ್ಪಿಗೆ ಪೂರ್ತಿ ಮಾಹಿತಿ ಕಸವಾಗುತ್ತದೆ, ಏಕೆಂದರೆ ಅಲ್ಲಿ ಎಣಿಕೆಯೇ ಮುಂದೆ ಸರಿದಿರುತ್ತದೆ. ಪ್ರತಿ ಕರೆಗೂ ಮುನ್ನ ಮೂಲ ಐವಿಯನ್ನು ಬಫರ್‌ಗೆ ಮತ್ತೆ ನಕಲು ಮಾಡಿದರೆ ಸಾಕು.

ಐವಿ ಬೇಕಾದಾಗ ‘ಗೆಟ್_ರ‍್ಯಾಂಡಮ್_ಬೈಟ್ಸ್’ ಬಳಸಿ. ‘ಪಿರ‍್ಯಾಂಡಮ್’ ಎಂದು ಶುರುವಾಗುವ ಫಂಕ್ಷನ್‌ಗಳು ಭದ್ರತೆಗಾಗಿ ಇರುವವಲ್ಲ. ಜಿಸಿಎಂನಲ್ಲಿ 12 ಬೈಟ್ ಐವಿಯನ್ನು ಎಣಿಕೆಯಿಂದ ತಯಾರಿಸುವುದು ವಾಡಿಕೆ. ಆದರೆ ಯಂತ್ರ ರೀಬೂಟ್ ಆದಾಗ ಎಣಿಕೆ ಸೊನ್ನೆಗೆ ಹೋಗಿ, ಕೀಲಿ ಮಾತ್ರ ಹಳೆಯದೇ ಉಳಿದರೆ ದೊಡ್ಡ ಅನಾಹುತ. ಒಂದೇ ಕೀಲಿ, ಒಂದೇ ಐವಿಯಲ್ಲಿ ಎರಡು ಸಂದೇಶ ಹೋದರೆ, ಎರಡರ ಗೂಢ ರೂಪವನ್ನೂ ಎಕ್ಸ್‌ಆರ್ ಮಾಡಿದವರಿಗೆ, ಅಂದರೆ ಬಿಟ್‌ಗೆ ಬಿಟ್ ಹೋಲಿಸಿ ವ್ಯತ್ಯಾಸ ತೆಗೆದವರಿಗೆ, ಮೂಲ ಸಂದೇಶಗಳ ಎಕ್ಸ್‌ಆರ್ ಸಿಗುತ್ತದೆ. ಜೊತೆಗೆ ಟ್ಯಾಗ್ ತಯಾರಿಸುವ ಒಳಗುಟ್ಟೂ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ, ಆಮೇಲೆ ಸುಳ್ಳು ಸಂದೇಶಕ್ಕೂ ಸರಿಯಾದ ಟ್ಯಾಗ್ ಹಚ್ಚಬಹುದು. ಹಾಗಾಗಿ ಪ್ರತಿ ಬೂಟ್‌ಗೂ ಹೊಸ ಕೀಲಿ, ಇಲ್ಲವೇ ಅಳಿಯದ ಕಡೆ ಉಳಿಸಿದ ಎಣಿಕೆ, ಎರಡರಲ್ಲೊಂದು ಇರಲೇಬೇಕು.

ಎಇಎಡಿ: ಉದ್ದದ ಲೆಕ್ಕ

ಎಇಎಡಿಯಲ್ಲಿ ಹಂತಗಳು ಅವೇ, ಉದ್ದದ ಲೆಕ್ಕ ಮಾತ್ರ ಬೇರೆ. ಪ್ಯಾಕೆಟ್‌ನ 20 ಬೈಟ್ ತಲೆಬರಹ ಬಯಲಾಗಿಯೇ ಇರಬೇಕು, ಆದರೆ ಯಾರೂ ತಿದ್ದಬಾರದು. ಅದರ ಹಿಂದೆ 1000 ಬೈಟ್ ಗುಟ್ಟಿನ ಸಂದೇಶ. ಮೂಲ ಪಟ್ಟಿಯಲ್ಲಿ ಎರಡೂ ಸೇರಿ 1020 ಬೈಟ್. ‘ಎಇಎಡಿ_ರಿಕ್ವೆಸ್ಟ್_ಸೆಟ್_ಎಡಿ’ಗೆ 20, ಎನ್‌ಕ್ರಿಪ್ಟ್ ಉದ್ದ 1000. ಫಲಿತಾಂಶಕ್ಕೆ ಬೇಕಾದ ಜಾಗ 20 + 1000 + 16 = 1036 ಬೈಟ್. ಟ್ಯಾಗ್‌ನ 16 ಬೈಟ್‌ಗೆ ಜಾಗ ಬಿಡಲು ಮರೆಯುವುದು ಸಾಮಾನ್ಯ. ಬಿಡಿಸುವಾಗ ಕೊಡುವ ಉದ್ದ 1000 ಅಲ್ಲ, ಟ್ಯಾಗ್ ಸೇರಿ 1016. ಇಲ್ಲಿ 1000 ಕೊಟ್ಟರೆ ಸಂದೇಶದ ಕೊನೆಯ 16 ಬೈಟನ್ನೇ ಟ್ಯಾಗ್ ಎಂದುಕೊಂಡು ಕರ್ನಲ್ ‘ಟ್ಯಾಗ್ ತಾಳೆಯಾಗಲಿಲ್ಲ’ ಎಂಬರ್ಥದ −74 ಕೊಡುತ್ತದೆ, ನಾವು ಕೀಲಿ ತಪ್ಪಿತೆಂದು ಹುಡುಕುತ್ತಾ ಕೂರುತ್ತೇವೆ.

−74 ಬಂದಾಗ ಫಲಿತಾಂಶದ ಬಫರ್‌ನಲ್ಲಿ ಏನೇ ಇದ್ದರೂ ಓದಬಾರದು. ಎಚ್‌ಮ್ಯಾಕ್ ಅನ್ನು ನಾವೇ ಲೆಕ್ಕಹಾಕಿ ಹೋಲಿಸುವ ಸಂದರ್ಭದಲ್ಲಿ ‘ಮೆಮ್‌ಸಿಎಂಪಿ’ ಬಳಸಬೇಡಿ. ಅದು ಮೊದಲ ವ್ಯತ್ಯಾಸ ಕಂಡ ಕೂಡಲೇ ನಿಲ್ಲಬಹುದು, ತೆಗೆದುಕೊಂಡ ಸಮಯ ಅಳೆದು ಒಂದೊಂದೇ ಬೈಟ್ ಊಹಿಸಲು ದಾರಿಯಾಗುತ್ತದೆ. ‘ಕ್ರಿಪ್ಟೊ_ಮೆಮ್‌ನೆಕ್’ ಎಂಬುದು ಎಲ್ಲಿ ವ್ಯತ್ಯಾಸವಿದ್ದರೂ ಒಂದೇ ಸಮಯ ತೆಗೆದುಕೊಳ್ಳುತ್ತದೆ.

ನಿದ್ದೆ ಕೂಡದ ಜಾಗ

ಇಂಟರಪ್ಟ್ (ಹಾರ್ಡ್‌ವೇರ್‌ನ ತುರ್ತು ಕರೆ) ನಿಭಾಯಿಸುವಾಗ ಅಥವಾ ಸ್ಪಿನ್‌ಲಾಕ್ (ಇತರ ಕೋರ್‌ಗಳನ್ನು ಸುತ್ತುತ್ತಾ ಕಾಯಿಸುವ ಬೀಗ) ಹಿಡಿದಿರುವಾಗ ಕರ್ನಲ್ ಕೋಡ್ ನಿದ್ದೆ ಮಾಡುವಂತಿಲ್ಲ, ಅಂದರೆ ಯಾವುದಕ್ಕಾದರೂ ಕಾಯುತ್ತಾ ಪ್ರೊಸೆಸರ್ ಬಿಟ್ಟುಕೊಡುವಂತಿಲ್ಲ. ಟಿಎಫ್‌ಎಂ ಪಡೆಯುವ ಕರೆ ಅಗತ್ಯಬಿದ್ದರೆ ಮಾಡ್ಯೂಲ್ ಅನ್ನು ಡಿಸ್ಕ್‌ನಿಂದ ತರಿಸುತ್ತದೆ, ಅದಕ್ಕೆ ಕಾಯಲೇಬೇಕು. ಆದ್ದರಿಂದ ಟಿಎಫ್‌ಎಂ ಪಡೆಯುವುದು, ಕೀಲಿ ಹಾಕುವುದು ಇವನ್ನು ಮಾಡ್ಯೂಲ್ ಅಥವಾ ಸಾಧನ ಶುರುವಾಗುವ ಹೊತ್ತಿನಲ್ಲೇ ಮುಗಿಸಿಡಬೇಕು. ಪ್ಯಾಕೆಟ್ ಬಂದಾಗ ಉಳಿಯುವುದು ರಿಕ್ವೆಸ್ಟ್ ಮಾತ್ರ, ಅದರ ಮೆಮೊರಿಯನ್ನು ‘ಜಿಎಫ್‌ಪಿ_ಅಟಾಮಿಕ್’ನಲ್ಲಿ ಕೇಳಬೇಕು, ‘ಮೇ_ಸ್ಲೀಪ್’ ಗುರುತು ಹಾಕಬಾರದು, ಕ್ರಿಪ್ಟೊ_ವೇಟ್_ರೆಕ್ ಕರೆಯಬಾರದು. ಮರೆತರೆ ಕರ್ನಲ್ ಲಾಗ್‌ನಲ್ಲಿ ‘ಷೆಡ್ಯೂಲಿಂಗ್ ವೈಲ್ ಅಟಾಮಿಕ್’ ಎಂಬ ದೂರು ಬೀಳುತ್ತದೆ.

ಕೀಲಿಯನ್ನು ಅಳಿಸುವುದು

ಕೀಲಿಯನ್ನು ಕೋಡ್‌ನಲ್ಲೇ ಬರೆದಿಟ್ಟರೆ ಮಾಡ್ಯೂಲ್ ಕಡತ ಸಿಕ್ಕ ಯಾರಾದರೂ ಅದನ್ನು ಹೆಕ್ಕಿಕೊಳ್ಳಬಹುದು. ಕೀಲಿಗಳನ್ನು ಇಡಲು ಕರ್ನಲ್‌ನಲ್ಲೇ ಇರುವ ಕೀರಿಂಗ್‌ನಲ್ಲಿ ‘ಲಾಗಾನ್’ ಎಂಬ ಬಗೆಯ ಕೀಲಿ ಇದೆ: ಹೊರಗಿನ ಪ್ರೋಗ್ರಾಂ ಅದನ್ನು ಒಳಗೆ ಹಾಕಬಹುದು, ಮತ್ತೆ ಓದಲಾರದು.

ಕೆಲಸ ಮುಗಿದ ಮೇಲೆ ಕೀಲಿ ಇದ್ದ ಬಫರ್‌ಗೆ ‘ಮೆಮ್‌ಸೆಟ್’ ಮೂಲಕ ಸೊನ್ನೆ ತುಂಬಿದರೆ ಸಾಲದು. ಆ ಬಫರ್ ಮುಂದೆ ಬಳಕೆಯಾಗುವುದಿಲ್ಲ ಎಂದು ಕಂಡ ಕಂಪೈಲರ್ ಆ ಸಾಲನ್ನೇ ತೆಗೆದುಹಾಕಬಹುದು. ಸ್ಟ್ಯಾಕ್ ಮೇಲಿನದಕ್ಕೆ ‘ಮೆಮ್‌ಝೀರೊ_ಎಕ್ಸ್‌ಪ್ಲಿಸಿಟ್’, ಕೆಮ್ಯಾಲಾಕ್‌ನಿಂದ ಪಡೆದದ್ದಕ್ಕೆ ‘ಕೆಫ್ರೀ_ಸೆನ್ಸಿಟಿವ್’ ಬಳಸಬೇಕು.

ವೇಗದ ಲೆಕ್ಕ

ಎಇಎಸ್ ಸೂಚನೆ ಇಲ್ಲದ ಅಗ್ಗದ ಪ್ರೊಸೆಸರ್‌ಗಳಲ್ಲಿ ಎಇಎಸ್ ನಿಧಾನ. ಆ ಫೋನ್ ಕೊಳ್ಳುವವರ ಮಾಹಿತಿಯೂ ಭದ್ರವಾಗಿರಲೆಂದು ಗೂಗಲ್ 2019ರ ಫೆಬ್ರುವರಿಯಲ್ಲಿ ಅಡಿಯಾಂಟಮ್ ಎಂಬ ವಿಧಾನವನ್ನು ಪ್ರಕಟಿಸಿತು. ಕೋರ್ಟೆಕ್ಸ್-ಎ7 ಪ್ರೊಸೆಸರ್‌ನಲ್ಲಿ ಅದು ಎಇಎಸ್-256-ಎಕ್ಸ್‌ಟಿಎಸ್‌ಗಿಂತ ಸುಮಾರು 5 ಪಟ್ಟು ವೇಗ. ಕರ್ನಲ್ 5.0ರಿಂದ ‘ಅಡಿಯಾಂಟಮ್(ಎಕ್ಸ್‌ಚಾಚಾ12,ಎಇಎಸ್)’ ಎಂಬ ಹೆಸರಿನಲ್ಲಿ ಸಿಗುತ್ತದೆ. ಹೆಸರು ಕೊಟ್ಟು ಕೇಳುವ ವ್ಯವಸ್ಥೆಯ ಲಾಭ ಇಲ್ಲಿ ಕಾಣುತ್ತದೆ: ಎಫ್‌ಎಸ್‌ಕ್ರಿಪ್ಟ್‌ನಂಥ ಬಳಕೆದಾರ ಕೋಡ್‌ನಲ್ಲಿ ಆಗಬೇಕಾದ ಬದಲಾವಣೆ ತೀರಾ ಸಣ್ಣದು.

ಇನ್ನೊಂದು ಕಡೆ ಸೈಫರ್ ವೇಗವಾಗಿದ್ದರೂ ಡಿಸ್ಕ್ ನಿಧಾನವಾಗಿತ್ತು. ಡಿಎಂ-ಕ್ರಿಪ್ಟ್ ಓದು ಬರಹಗಳನ್ನು ಕೂಡಲೇ ಮಾಡದೆ ಬೇರೆ ಸಾಲಿಗೆ ಹಾಕಿ, ಆಮೇಲೆ ಮಾಡುತ್ತಿತ್ತು. ತಿರುಗುವ ಡಿಸ್ಕ್‌ಗಳ ಕಾಲಕ್ಕೆ ಅದು ಒಪ್ಪುವಂಥದ್ದು, ವೇಗದ ಎಸ್‌ಎಸ್‌ಡಿಗಳಲ್ಲಿ ಅದೇ ಅಡ್ಡಿ. 2020ರಲ್ಲಿ ಕ್ಲೌಡ್‌ಫ್ಲೇರ್‌ನ ಎಂಜಿನಿಯರುಗಳು ಇದನ್ನು ಅಳೆದು ತೋರಿಸಿದರು. ಆ ಸಾಲುಗಳನ್ನು ಬಿಟ್ಟು ನೇರವಾಗಿ ನಡೆಸುವ ಎರಡು ಆಯ್ಕೆಗಳು, ಓದಿಗೊಂದು ಬರಹಕ್ಕೊಂದು, ಕರ್ನಲ್ 5.9ಕ್ಕೆ ಸೇರಿದವು.

ಇಷ್ಟೆಲ್ಲ ಬೇಡದಿದ್ದಾಗ

ಯಾವ ಸೈಫರ್ ಎಂಬುದು ಮೊದಲೇ ನಿಗದಿಯಾಗಿದ್ದರೆ ಹೆಸರು, ಟಿಎಫ್‌ಎಂ, ಸ್ಕ್ಯಾಟರ್‌ಲಿಸ್ಟ್ ಯಾವುದೂ ಇಲ್ಲದ ನೇರ ಹಾದಿ ಇದೆ. ಕರ್ನಲ್‌ನ ‘ಲಿಬ್/ಕ್ರಿಪ್ಟೊ’ ಲೈಬ್ರರಿಯಲ್ಲಿ ‘ಎಸ್‌ಎಚ್‌ಎ256’ ಎಂಬ ಫಂಕ್ಷನ್‌ಗೆ ಮಾಹಿತಿ, ಉದ್ದ, ಫಲಿತಾಂಶದ 32 ಬೈಟ್ ಜಾಗ ಕೊಟ್ಟರೆ ಆಯಿತು. ಬಫರ್ ಸ್ಟ್ಯಾಕ್ ಮೇಲಿದ್ದರೂ ತೊಂದರೆಯಿಲ್ಲ, ಕಾಲ್‌ಬ್ಯಾಕ್ ಇಲ್ಲ. 2020ರ ಮಾರ್ಚ್‌ನಲ್ಲಿ ಕರ್ನಲ್ 5.6ರೊಂದಿಗೆ ಬಂದ ವೈರ್‌ಗಾರ್ಡ್ ವಿಪಿಎನ್, ಚಾಚಾ20 ಮತ್ತು ಪಾಲಿ1305 ಜೋಡಿಯನ್ನು ಹೀಗೆ ನೇರವಾಗಿಯೇ ಕರೆಯುತ್ತದೆ. ಬಳಕೆದಾರ ಸೈಫರ್ ಆರಿಸಬೇಕಾದ ಕಡೆ, ಅಥವಾ ಹಾರ್ಡ್‌ವೇರ್ ಎಂಜಿನ್ ಬೇಕಾದ ಕಡೆ ಕ್ರಿಪ್ಟೊ ಎಪಿಐ ಸರಿ. ಒಂದು ಕಡತದ ಹ್ಯಾಶ್ ತೆಗೆಯುವುದಕ್ಕೆ ಲೈಬ್ರರಿಯೇ ಮೇಲು, ತಪ್ಪಲು ಜಾಗವೇ ಕಡಿಮೆ.

ಬರೆದದ್ದನ್ನು ಪರೀಕ್ಷಿಸುವುದು

ನಿತ್ಯ ಬಳಸುವ ಯಂತ್ರದಲ್ಲಿ ಬೇಡ, ಕ್ಯೂಎಂಯು ವರ್ಚುವಲ್ ಯಂತ್ರದಲ್ಲಿ ಓಡಿಸಿ. ಆ ಕರ್ನಲ್ ಕಟ್ಟುವಾಗ ಮೂರು ಆಯ್ಕೆ ಹಾಕಿರಲಿ. ‘ಕೆಎಸ್ಯಾನ್’ ಬಿಡುಗಡೆಯಾದ ಮೆಮೊರಿಯನ್ನು ಕರ್ನಲ್ ಕೋಡ್ ಮತ್ತೆ ಮುಟ್ಟಿದರೆ ಯಾವ ಫಂಕ್ಷನ್ ಎಂಬುದರ ಸಮೇತ ಹಿಡಿದುಕೊಡುತ್ತದೆ. ‘ಡೀಬಗ್_ಎಸ್‌ಜಿ’ ಸ್ಕ್ಯಾಟರ್‌ಲಿಸ್ಟ್‌ಗೆ ಸ್ಟ್ಯಾಕ್ ವಿಳಾಸ ಕೊಟ್ಟ ಸಾಲಿನಲ್ಲೇ ನಿಲ್ಲಿಸುತ್ತದೆ. ‘ಡೀಬಗ್_ಅಟಾಮಿಕ್_ಸ್ಲೀಪ್’ ನಿದ್ದೆ ಕೂಡದ ಜಾಗದ ತಪ್ಪುಗಳನ್ನು ಹೇಳುತ್ತದೆ. ಎಂಜಿನ್ ಇರುವ ಬೋರ್ಡ್ ಮೇಲೂ ಒಮ್ಮೆ ಓಡಿಸದೆ ಕೋಡ್ ಕೊಡಬಾರದು, −115ರ ಹಾದಿ ನಿಜಕ್ಕೂ ಪರೀಕ್ಷೆಯಾಗುವುದು ಅಲ್ಲಿಯೇ.

ಎನ್‌ಕ್ರಿಪ್ಟ್ ಮಾಡಿ ಬಿಡಿಸಿದಾಗ ಮೂಲ ಸಿಕ್ಕಿತು ಎಂಬುದು ಪುರಾವೆಯಲ್ಲ. ಕೀಲಿಯ ಅರ್ಧ ಭಾಗ ಮಾತ್ರ ಬಳಕೆಯಾಗಿದ್ದರೂ, ಐವಿ ಸದಾ ಸೊನ್ನೆಯೇ ಆಗಿದ್ದರೂ ಮೂಲ ಸಿಗುತ್ತದೆ. ಪ್ರಕಟವಾಗಿರುವ ಪರೀಕ್ಷಾ ಮಾದರಿಗಳಿಂದ ಒಂದು ಕೀಲಿ, ಒಂದು ಐವಿ, ಒಂದು ಸಂದೇಶ ತೆಗೆದುಕೊಂಡು, ನಮ್ಮ ಮಾಡ್ಯೂಲ್ ಕೊಟ್ಟ ಗೂಢ ಬೈಟ್‌ಗಳನ್ನು ಅಲ್ಲಿ ಅಚ್ಚಾದ ಬೈಟ್‌ಗಳ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಕರ್ನಲ್‌ನ ‘ಟೆಸ್ಟ್‌ಎಂಜಿಆರ್’ ಕಡತಗಳಲ್ಲೇ ಅಂಥ ಮಾದರಿಗಳು ಸಾಲಾಗಿ ಸಿಗುತ್ತವೆ.